ಕರುಳಿನ ಒಳಗಡೆ: ಶಂಭುನಾಥ ಡೇ ಅವರ ಮೂರು ಪ್ರಬಂಧಗಳ ಬಗ್ಗೆ ಒಂದು ಟಿಪ್ಪಣಿ

ಶಂಭುನಾಥ ಡೇ ಅವರ ಹೆಸರು ಬಂದಲ್ಲೆಲ್ಲ ಮಾತು ಒಂದೇ ಪ್ರಬಂಧಕ್ಕೆ ಹೋಗಿ ನಿಲ್ಲುತ್ತದೆ. 1959ರ ಮೇ 30ರ ‘ನೇಚರ್’ ಪತ್ರಿಕೆಯ 1533 ಮತ್ತು 1534ನೇ ಪುಟಗಳಲ್ಲಿ ಅವರೊಬ್ಬರೇ ಬರೆದ ಪುಟ್ಟ ಬರಹ ಅದು. ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಒಂದೂ ರೋಗಾಣು ಉಳಿಯದಂತೆ ಸೋಸಿ, ಬರೀ ಆ ದ್ರವವನ್ನು ಮೊಲದ ಕರುಳಿಗೆ ಹಾಕಿದರೂ ಕರುಳಲ್ಲಿ ನೀರು ತುಂಬುತ್ತದೆ ಎಂದು ಅವರು ತೋರಿಸಿದರು. ಇದನ್ನು ಕಾಲರಾ ವಿಷದ ಶೋಧ ಎಂದು ಕರೆಯುವುದು ರೂಢಿ, ತಪ್ಪೇನೂ ಅಲ್ಲ. ಆದರೆ 1953, 1956 ಮತ್ತು 1959ರ ಮೂರು ಪ್ರಬಂಧಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಅರ್ಧಕ್ಕಿಂತ ಹೆಚ್ಚು ಕೆಲಸ ಮೊದಲನೆಯದರಲ್ಲೇ ಮುಗಿದಿತ್ತು ಅನ್ನಿಸುತ್ತದೆ. ರೋಗ ನಡೆಯುವ ಜಾಗ ಯಾವುದು, ಪ್ರಯೋಗ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಯನ್ನು ಅವರು ಅಲ್ಲಿಯೇ ಬಗೆಹರಿಸಿಕೊಂಡಿದ್ದರು. (ಬಂಗಾಳಿಯಲ್ಲಿ ಅವರ ಮನೆತನದ ಹೆಸರು ‘ದೇ’. ಗಾಯಕ ಮನ್ನಾ ಡೇ ಅವರಿಂದಾಗಿ ನಮ್ಮ ನಾಲಿಗೆಗೆ ಹತ್ತಿರುವ ರೂಪವನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ.)

ಜಾಗದ ಗೊಂದಲ ಹಳೆಯದು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತದಲ್ಲಿ ಕೂತು, ಸತ್ತವರ ಕರುಳಿನಲ್ಲೂ ಅಲ್ಲಿನ ಒಂದು ಕೆರೆಯ ನೀರಿನಲ್ಲೂ ಬಾಗಿದ ಕಡ್ಡಿಯಂಥ ರೋಗಾಣುವನ್ನು ಗುರುತಿಸಿದರು. ಅದು ಏನೋ ವಿಷ ಬಿಡುತ್ತಿರಬೇಕು ಎಂಬ ಊಹೆಯೂ ಅವರದೇ. ಊಹೆಯನ್ನು ಸಾಧಿಸಲು ಬೇಕಾದ ಪ್ರಾಣಿ ಮಾತ್ರ ಸಿಗಲಿಲ್ಲ. ಮನುಷ್ಯನಿಗೆ ಬರುವ ಹಾಗೆ ಕಾಲರಾ ಬೇರೆ ಪ್ರಾಣಿಗಳಿಗೆ ಬರುವುದಿಲ್ಲ. ಗಿನಿಹಂದಿಯ ಹೊಟ್ಟೆಯ ಆಮ್ಲವನ್ನು ಸೋಡಾ ಕೊಟ್ಟು ತಗ್ಗಿಸಿ, ಕರುಳಿನ ಓಟವನ್ನು ಅಫೀಮಿನಿಂದ ನಿಧಾನ ಮಾಡಿ ಕಾಖ್ ಪ್ರಯತ್ನಿಸಿದರು. ಎಲ್ಲರೂ ನೆಚ್ಚುವಂಥ ಫಲ ಬರಲಿಲ್ಲ.

ಅವರ ಶಿಷ್ಯ ರಿಚರ್ಡ್ ಫೈಫರ್ ಇನ್ನೊಂದು ದಾರಿ ಹಿಡಿದರು. ರೋಗಾಣುವನ್ನು ಗಿನಿಹಂದಿಯ ಉದರಕುಹರಕ್ಕೆ, ಎಂದರೆ ಕರುಳಿನ ಹೊರಗಿನ ಪೊಳ್ಳಿಗೆ, ನೇರವಾಗಿ ಚುಚ್ಚಿದರು. ಪ್ರಾಣಿ ಸತ್ತಿತು. ವಿಷ ರೋಗಾಣುವಿನ ಮೈಯೊಳಗೇ ಇದೆ, ಮೈ ಒಡೆದಾಗ ಹೊರಬರುತ್ತದೆ ಎಂದು ಅವರು ತೀರ್ಮಾನಿಸಿದರು. ‘ಎಂಡೋಟಾಕ್ಸಿನ್’ ಎಂಬ ಕಲ್ಪನೆ ಬೆಳೆದದ್ದು ಹೀಗೆ. 1894ರಲ್ಲಿ ಅದೇ ಉದರಕುಹರದಲ್ಲಿ ಫೈಫರ್ ಇನ್ನೊಂದು ಸಂಗತಿ ಕಂಡರು: ಮೊದಲೇ ರೋಗನಿರೋಧ ಗಳಿಸಿದ ಗಿನಿಹಂದಿಗೆ ಚುಚ್ಚಿದ ರೋಗಾಣುಗಳು ನೋಡನೋಡುತ್ತ ಕರಗಿಹೋಗುತ್ತವೆ. ಮುಂದಿನ ವರ್ಷ ಝೂಲ್ ಬೋರ್ಡೆ ಈ ಕರಗುವಿಕೆಯ ಬೆನ್ನು ಹತ್ತಿ, ಪ್ರತಿಕಾಯದ ಜೊತೆ ರಕ್ತದ ಇನ್ನೊಂದು ಅಂಶವೂ ಬೇಕು ಎಂದು ತೋರಿಸಿದರು. ಇಂದಿನ ಪಠ್ಯಗಳಲ್ಲಿ ಅದು ಕಾಂಪ್ಲಿಮೆಂಟ್. ರೋಗನಿರೋಧ ಶಾಸ್ತ್ರ ಕಾಲರಾ ರೋಗಾಣುವಿಗೆ ಇಷ್ಟೆಲ್ಲ ಋಣಿ. ಆದರೆ ಕಾಲರಾ ರೋಗಕ್ಕೆ ಆ ಶಾಸ್ತ್ರದಿಂದ ಆಗ ದಕ್ಕಿದ್ದು ಕಡಿಮೆ. ಕಾರಣ ಸರಳ. ನಿಜವಾದ ರೋಗಿಯಲ್ಲಿ ಈ ರೋಗಾಣು ಉದರಕುಹರಕ್ಕೂ ಹೋಗುವುದಿಲ್ಲ, ರಕ್ತಕ್ಕೂ ಇಳಿಯುವುದಿಲ್ಲ. ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡು ಅಲ್ಲೇ ಇರುತ್ತದೆ. ಅರ್ಧ ಶತಮಾನ ಕಾಲ ವಿದ್ವಾಂಸರು ಸರಿಯಾದ ಮನೆಗೆ ಹೋಗಿ ತಪ್ಪು ಕೋಣೆಯಲ್ಲಿ ಹುಡುಕಿದರು.

ಡೇ ಈ ವಿಷಯಕ್ಕೆ ಬಂದದ್ದು ಪ್ಯಾಥಾಲಜಿಯ ಬಾಗಿಲಿನಿಂದ. ಹುಟ್ಟಿದ್ದು 1915ರಲ್ಲಿ, ಹೂಗ್ಲಿ ಜಿಲ್ಲೆಯ ಹಳ್ಳಿಯಲ್ಲಿ. ತಂದೆಯದು ಸಣ್ಣ ವ್ಯಾಪಾರ. ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ರಾಯ್ ಕ್ಯಾಮರನ್ ಅವರ ಕೈಕೆಳಗೆ 1949ರಲ್ಲಿ ಪಿಎಚ್‌ಡಿ ಮುಗಿಸಿ ಊರಿಗೆ ಮರಳಿದರು. ಕಾಲರಾದಿಂದ ಸತ್ತವರ ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಅವರ ಮೊದಮೊದಲ ಕೆಲಸಗಳಲ್ಲಿ ಒಂದು. ನಮ್ಮಲ್ಲಿ ವಾಂತಿಭೇದಿ ಎಂದು ಕರೆಯುವ ಈ ಕಾಯಿಲೆಯಲ್ಲಿ ರೋಗಿಯ ಮೈಯಿಂದ ಅಕ್ಕಚ್ಚಿನಂಥ ತೆಳ್ಳನೆಯ ಬಿಳಿಚು ನೀರು ಹೋಗುತ್ತದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ರಕ್ತ ಗಟ್ಟಿಯಾಗುತ್ತದೆ, ನಾಡಿ ಸಿಗುವುದಿಲ್ಲ, ಮೂತ್ರಪಿಂಡಕ್ಕೆ ರಕ್ತ ಸಾಲದೆ ಅದು ಸಾಯುತ್ತದೆ. ಮೂತ್ರಪಿಂಡದಲ್ಲಿ ಕಾಣುವುದು ಪರಿಣಾಮ, ಮೂಲ ಕರುಳಿನಲ್ಲಿದೆ. ಶವಪರೀಕ್ಷೆಯ ಮೇಜಿನಿಂದ ಬಂದವರಿಗೆ ಈ ದಾರಿ ಸಹಜವಾಗಿ ಕಂಡಿರಬೇಕು ಎಂಬುದು ನನ್ನ ಊಹೆ.

1953ರ ಪ್ರಬಂಧ ‘ಜರ್ನಲ್ ಆಫ್ ಪ್ಯಾಥಾಲಜಿ ಅಂಡ್ ಬ್ಯಾಕ್ಟೀರಿಯಾಲಜಿ’ಯಲ್ಲಿ ಬಂತು, ಸಹಲೇಖಕರು ಡಿ. ಎನ್. ಚಟರ್ಜಿ, ಒಟ್ಟು ನಾಲ್ಕೇ ಪುಟ. ಪ್ರಯೋಗಕ್ಕೆ ಬೇಕಾದದ್ದು ಒಂದು ಮೊಲ, ಅರಿವಳಿಕೆ, ರೇಷ್ಮೆ ದಾರ, ಸೂಜಿ. ಹೊಟ್ಟೆ ತೆರೆದು ಸಣ್ಣ ಕರುಳಿನ ಕೆಲವು ಅಂಗುಲ ಉದ್ದದ ತುಂಡಿಗೆ ಆಚೆ ಈಚೆ ಎರಡು ಗಂಟು ಹಾಕುವುದು. ಕರುಳನ್ನು ಕತ್ತರಿಸುವಂತಿಲ್ಲ, ರಕ್ತನಾಳಗಳನ್ನು ಮುಟ್ಟುವಂತಿಲ್ಲ. ಗಂಟು ಬಿದ್ದದ್ದು ಕರುಳಿನ ದಾರಿಗೆ ಮಾತ್ರ, ತುಂಡು ಜೀವಂತವಾಗಿಯೇ ಇರಬೇಕು. ಗಂಟುಗಳ ನಡುವೆ ರೋಗಾಣು ಇರುವ ದ್ರವವನ್ನು ಚುಚ್ಚಿ, ಹೊಟ್ಟೆ ಹೊಲಿದು, ಮಾರನೆಯ ದಿನ ಮತ್ತೆ ತೆರೆದು ನೋಡುವುದು. ಕಾಲರಾ ರೋಗಾಣು ಹೋದ ತುಂಡು ಗಾಳಿ ತುಂಬಿದ ಬಲೂನಿನ ಹಾಗೆ ಬಿಗಿಯಾಗಿ ಉಬ್ಬಿರುತ್ತದೆ. ಸೂಜಿ ಚುಚ್ಚಿದರೆ ಅಕ್ಕಚ್ಚಿನಂಥದೇ ದ್ರವ. ಪಕ್ಕದಲ್ಲಿ, ರೋಗಾಣುವಿಲ್ಲದ ದ್ರವ ಹೋದ ತುಂಡು ಒಣಗಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಒಂದೇ ಪ್ರಾಣಿಯ ಒಂದೇ ಕರುಳಿನಲ್ಲಿ ಪರೀಕ್ಷೆಯೂ ಅದರ ತಾಳೆಯೂ ಪಕ್ಕಪಕ್ಕ. ಹೊಟ್ಟೆಯ ಆಮ್ಲದ ತೊಡಕಿಲ್ಲ. ಗಂಟು ಇರುವುದರಿಂದ ರೋಗಾಣು ಕೊಚ್ಚಿಹೋಗುವುದೂ ಇಲ್ಲ. ಕಾಖ್ ಸೋಡಾ, ಅಫೀಮುಗಳಿಂದ ಮಾಡಲು ಹೋದದ್ದನ್ನು ಎರಡು ಗಂಟುಗಳು ಮಾಡಿಕೊಟ್ಟವು.

ಇಂಥದೇ ಕಟ್ಟಿದ ಕರುಳಿನ ಪ್ರಯೋಗವನ್ನು 1915ರಲ್ಲೇ ವಿಯೋಲ್ ಮತ್ತು ಕ್ರೆಂಡಿರೋಪುಲೊ ಎಂಬಿಬ್ಬರು ಫ್ರೆಂಚಿನಲ್ಲಿ ಪ್ರಕಟಿಸಿದ್ದರು. ಡೇ ಅವರಿಗೆ ಅದು ಗೊತ್ತಿರಲಿಲ್ಲ. ಮೊದಲಿಗರು ಯಾರು ಎಂಬ ಲೆಕ್ಕದಲ್ಲಿ ಆ ಇಬ್ಬರ ಹೆಸರನ್ನು ಬಿಡಬಾರದು. ಆದರೆ ಆ ಪ್ರಯೋಗ ಅಲ್ಲಿಗೇ ಮರೆತುಹೋಯಿತು. ಡೇ ಅದೇ ದಾರದಿಂದ ಮುಂದಿನ ಎರಡು ಪ್ರಶ್ನೆಗಳನ್ನು ಕಟ್ಟಿದರು.

ಎರಡನೆಯ ಪ್ರಬಂಧವನ್ನು (1956, ಭಟ್ಟಾಚಾರ್ಯ ಮತ್ತು ಸರ್ಕಾರ್ ಅವರೊಂದಿಗೆ) ಓದಿದವರು ಕಡಿಮೆ. ನನ್ನ ಮಟ್ಟಿಗೆ ಮೂರರಲ್ಲಿ ಎದೆಗಾರಿಕೆಯದು ಇದೇ. ಆಗ ಬ್ಯಾಕ್ಟೀರಿಯಂ ಕೋಲಿ ಎಂದು ಕರೆಯುತ್ತಿದ್ದ, ಈಗಿನ ಇ. ಕೋಲಿ, ಎಲ್ಲರ ಕರುಳಿನಲ್ಲೂ ಇರುವ ಸಾಧು ಜೀವಿ. ಭೇದಿಯಾದವರಿಂದ ತೆಗೆದ ಅದರ ಕೆಲವು ತಳಿಗಳನ್ನು ಮೊಲದ ಕಟ್ಟಿದ ಕರುಳಿಗೆ ಹಾಕಿದಾಗ ಕಾಲರಾದಂತೆಯೇ ನೀರು ತುಂಬಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ತಳಿಗಳನ್ನು ಕರುಳು ಬೇರೆ ಮಾಡಿ ತೋರಿಸುತ್ತಿತ್ತು. ವಿಷ ಬಿಡುವ ಇ. ಕೋಲಿ ಭೇದಿಗೆ ದೊಡ್ಡ ಕಾರಣ ಎಂದು ಜಗತ್ತು ಒಪ್ಪಿಕೊಳ್ಳಲು ಇನ್ನೂ ಹತ್ತು ಹದಿನೈದು ವರ್ಷ ಬೇಕಾಯಿತು. ಆ ಇ. ಕೋಲಿಯ ಒಂದು ವಿಷ ರಚನೆಯಲ್ಲಿ ಕಾಲರಾ ವಿಷದ ಹತ್ತಿರದ ನೆಂಟ ಎಂಬುದು ಆಮೇಲೆ ತಿಳಿಯಿತು.

ಇಷ್ಟಾದ ಮೇಲೆ 1959ರ ಪ್ರಶ್ನೆ ತಾನಾಗಿಯೇ ಬಂತು ಎನ್ನಬಹುದು: ಈ ಕೆಲಸಕ್ಕೆ ರೋಗಾಣು ಖುದ್ದು ಹಾಜರಿರಬೇಕೇ? ಬೇಡ. ಸೋಸಿದ ದ್ರವ ಸಾಕು. ವಿಷ ಮೈಯೊಳಗೆ ಅಡಗಿಲ್ಲ, ರೋಗಾಣು ಅದನ್ನು ಹೊರಗೆ ಬಿಡುತ್ತದೆ. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಎನ್. ಕೆ. ದತ್ತ ಮತ್ತು ಸಂಗಡಿಗರು ರೋಗಾಣುಗಳಿಂದ ತೆಗೆದ ಅಂಶವನ್ನು ಮೊಲದ ಮರಿಗಳ ಕರುಳಿಗೆ ಮುಟ್ಟಿಸಿ ಭೇದಿ ಬರಿಸಿದರು. ಬಂಗಾಳದ ಅಭಿಮಾನಿಗಳು ದತ್ತರನ್ನು ಮರೆಯುವುದು, ಮುಂಬಯಿಯ ಅಭಿಮಾನಿಗಳು ಡೇ ಅವರನ್ನು ಮರೆಯುವುದು ಎರಡೂ ನಡೆದಿದೆ. ನನ್ನ ತೂಕ ಡೇ ಕಡೆಗೆ ವಾಲುವುದಕ್ಕೆ ಕಾರಣ ಸೋಸುವಿಕೆ: ರೋಗಾಣು ಹೊರಗೆ ಬಿಟ್ಟದ್ದೇ ಸಾಕು ಎಂಬ ಮಾತು ಅದರಿಂದ ನೇರವಾಗಿ ಹೊರಡುತ್ತದೆ.

ಮುಂದಿನದನ್ನು ಬೇಗ ಹೇಳಬಹುದು. 1960ರಲ್ಲಿ ಗಂಗರೋಸ ಮತ್ತು ಸಂಗಡಿಗರು ಬ್ಯಾಂಕಾಕಿನ ಜೀವಂತ ರೋಗಿಗಳ ಕರುಳಿನ ಚೂರು ತೆಗೆದು ನೋಡಿದಾಗ ಒಳಪದರ ಕಿತ್ತುಹೋಗಿರಲಿಲ್ಲ, ಇಡಿಯಾಗಿತ್ತು. 1969ರಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಎರಡು ಭಾಗ: ಐದು ತುಣುಕುಗಳ ಬಿ ಉಂಗುರ ಜೀವಕೋಶಕ್ಕೆ ಅಂಟುತ್ತದೆ, ಎ ಭಾಗ ಒಳಹೊಕ್ಕು ನೀರಿನ ನಲ್ಲಿಯನ್ನು ತೆರೆದು ಮುಚ್ಚದ ಹಾಗೆ ಮಾಡುತ್ತದೆ. ನಲ್ಲಿ ತೆರೆದಿದ್ದರೂ ಸಕ್ಕರೆಯ ಜೊತೆ ಉಪ್ಪನ್ನೂ ನೀರನ್ನೂ ಹೀರುವ ಇನ್ನೊಂದು ಬಾಗಿಲು ಕೆಡುವುದಿಲ್ಲ. ಉಪ್ಪು–ಸಕ್ಕರೆ ನೀರಿನ ಚಿಕಿತ್ಸೆ ನಿಂತಿರುವುದು ಅದರ ಮೇಲೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರ ನಡುವೆ ವೈದ್ಯ ದಿಲೀಪ್ ಮಹಾಲನೊಬಿಸ್ ಅದನ್ನು ಬಳಸಿ ಸಾವನ್ನು ಶೇ. 3.6ಕ್ಕೆ ಇಳಿಸಿದರು. ಈ ಚಿಕಿತ್ಸೆ ಡೇ ಅವರ ಶೋಧದಿಂದಲೇ ಹುಟ್ಟಿತು ಎಂದು ಬರೆಯುವುದುಂಟು. ಅಷ್ಟು ನೇರವಾದ ನಂಟು ಕಾಣುವುದಿಲ್ಲ. ಅದು ಕರುಳು ಹೀರುವ ಬಗೆಯನ್ನು ಅಭ್ಯಸಿಸಿದವರ, ಢಾಕಾ ಮತ್ತು ಕಲ್ಕತ್ತದ ವೈದ್ಯರ ಬೇರೆಯೇ ಹಾದಿ. ಇಡಿಯಾದ ಕರುಳಿನಿಂದ ಅಷ್ಟು ನೀರು ಹೇಗೆ ಹೋಗುತ್ತದೆ ಎಂಬ ಒಗಟನ್ನು ಡೇ ಅವರ ವಿಷ ಬಿಡಿಸಿತು.

ಡೇ ಮೂಲೆಗೆ ಬಿದ್ದರು ಎಂಬ ಕತೆಗೂ ಸ್ವಲ್ಪ ತಿದ್ದುಪಡಿ ಬೇಕು. ಪ್ರಬಂಧಗಳು ಮೂಲೆಗೆ ಬೀಳಲಿಲ್ಲ. ಅರವತ್ತರ ದಶಕದಿಂದಲೇ ಅಮೆರಿಕದ ಪ್ರಯೋಗಾಲಯಗಳು ಮೊಲದ ಕರುಳಿಗೆ ಗಂಟು ಹಾಕುತ್ತಿದ್ದವು. ಅಲ್ಲಿನ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಡೇ ಅವರ ಹೆಸರನ್ನು ನೊಬೆಲ್ ಬಹುಮಾನಕ್ಕೆ ಸೂಚಿಸಿದ್ದರು. ಮೂಲೆಗೆ ಬಿದ್ದದ್ದು ವ್ಯಕ್ತಿ, ಅದೂ ಸ್ವದೇಶದಲ್ಲಿ. ನಮ್ಮ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. 1973ರಲ್ಲಿ ನಿವೃತ್ತರಾದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಸಂಕಿರಣಕ್ಕೆ ಸ್ವೀಡನ್ನಿನಿಂದ ಕರೆ ಬಂದಾಗ, ಅರವತ್ತರ ದಶಕದ ಆರಂಭದಲ್ಲೇ ಸತ್ತಿದ್ದ ತನ್ನನ್ನು ಹೂತಲ್ಲಿಂದ ತೆಗೆದಿದ್ದೀರಿ ಎಂಬರ್ಥದ ಮಾತನ್ನು ಅಲ್ಲಿ ಆಡಿದರು. ಏಳು ವರ್ಷದ ನಂತರ, 1985ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಈ ಲೋಪವನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಬೆಂಗಳೂರಿನಿಂದ, ವಿಜ್ಞಾನ ಅಕಾಡೆಮಿಯ ಸಹಯೋಗದಲ್ಲಿ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ. ಎಸ್. ರಾಮಶೇಷನ್ ಮತ್ತು ಪಿ. ಬಲರಾಂ 1990ರಲ್ಲಿ ಡೇ ಅವರಿಗೆಂದೇ ಒಂದು ವಿಶೇಷ ಸಂಚಿಕೆ ತಂದರು. ಲೆಡರ್‌ಬರ್ಗ್ ಕೂಡ ಅದಕ್ಕೆ ಬರೆದರು. ಅಕಾಡೆಮಿಗಳ ಮೌನವನ್ನು ಅಕಾಡೆಮಿಯ ಅಂಗಳದಲ್ಲೇ ಟೀಕಿಸಿದ ಸಂಚಿಕೆ ಅದು.

ರೋಗನಿರೋಧದ ವಿಷಯ ಉಳಿಯಿತು. ರೋಗವೆಲ್ಲ ವಿಷದ್ದಾದರೆ ವಿಷಕ್ಕೆ ಲಸಿಕೆ ಕೊಟ್ಟರೆ ಸಾಕಲ್ಲ ಎಂದು ಯಾರಿಗೂ ಅನ್ನಿಸುತ್ತದೆ. ಡಿಫ್ತೀರಿಯ, ಧನುರ್ವಾಯುಗಳಲ್ಲಿ ನಡೆದದ್ದು ಅದೇ. ನಿಷ್ಕ್ರಿಯಗೊಳಿಸಿದ ವಿಷವನ್ನು ಚುಚ್ಚುಮದ್ದಾಗಿ ಕೊಟ್ಟು 1974ರಲ್ಲಿ ಬಾಂಗ್ಲಾದೇಶದಲ್ಲಿ ಪರೀಕ್ಷಿಸಿದರು. ರಕ್ಷಣೆ ಅತ್ಯಲ್ಪ. ರಕ್ತದಲ್ಲಿ ತುಂಬಿದ ಪ್ರತಿಕಾಯ ಕರುಳಿನ ಒಳಮೈಗೆ ಸಾಕಷ್ಟು ತಲುಪುವುದಿಲ್ಲ. ಅಲ್ಲಿ ಕಾವಲು ಕಾಯುವುದು ಲೋಳೆಪೊರೆ ತಾನೇ ಸ್ರವಿಸುವ ಐಜಿಎ ಎಂಬ ಬಗೆಯ ಪ್ರತಿಕಾಯ. ಮತ್ತೆ ಅದೇ ಕೋಣೆಯ ಪ್ರಶ್ನೆ. ಬಾಯಿಂದ ಕೊಡುವ ಲಸಿಕೆಯನ್ನು 1985ರಲ್ಲಿ ಬಾಂಗ್ಲಾದೇಶದ ಮತ್ಲಬ್‌ನಲ್ಲಿ ಎರಡು ಬಗೆಯಾಗಿ ಪರೀಕ್ಷಿಸಿದರು: ಬರೀ ಸತ್ತ ರೋಗಾಣು ಒಂದು, ಅದರ ಜೊತೆ ವಿಷದ ನಿರಪಾಯಕಾರಿ ಬಿ ಭಾಗವೂ ಸೇರಿದ್ದು ಇನ್ನೊಂದು. ಮೊದಲ ಕೆಲವು ತಿಂಗಳು ಬಿ ಭಾಗ ಇದ್ದದ್ದು ಶೇ. 85, ಇಲ್ಲದ್ದು ಶೇ. 58 ರಕ್ಷಣೆ ಕೊಟ್ಟವು. ಮೂರು ವರ್ಷದ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಅರ್ಧಕ್ಕೆ ಬಂದು ಸಮವಾದವು. ವಿಷದ ವಿರುದ್ಧದ ನಿರೋಧ ಬೇಗ ಆರುತ್ತದೆ, ಬಾಳುವುದು ರೋಗಾಣುವಿನ ಹೊರಮೈಯ ವಿರುದ್ಧ ಹುಟ್ಟಿದ ನಿರೋಧ. 2006ರಲ್ಲಿ ಡೇ ಅವರ ಕೋಲ್ಕತ್ತದ ಕೊಳೆಗೇರಿಗಳಲ್ಲೇ ಪರೀಕ್ಷೆ ಶುರುವಾಗಿ, ಐದು ವರ್ಷದಲ್ಲಿ ಶೇ. 65ರಷ್ಟು ರಕ್ಷಣೆ ತೋರಿಸಿದ, ಹೈದರಾಬಾದಿನಲ್ಲಿ ತಯಾರಾದ ಲಸಿಕೆಯಲ್ಲಿ ಇರುವುದು ಸತ್ತ ರೋಗಾಣು ಮಾತ್ರ. ವಿಷದ ಯಾವ ಭಾಗವನ್ನೂ ಅದಕ್ಕೆ ಸೇರಿಸಿಲ್ಲ. ಅದನ್ನು ಕೊಡುವುದು ಮಾತ್ರ ಬಾಯಿಂದಲೇ.