ತೋಟಾ ಸಾಗಿದ ದಾರಿ: ದಮ್‌ದಮ್‌ನಿಂದ ಕೊಡಗಿನವರೆಗೆ

ಕೊಲ್ಕತ್ತದ ಪೂರ್ವದ ಅಂಚಿನಲ್ಲಿರುವ ನ್ಯೂ ಟೌನ್ ಹೆಸರಿಗೆ ತಕ್ಕಂತೆ ಹೊಸ ಊರು. ಇಲ್ಲಿಯ ಅಗಲವಾದ ರಸ್ತೆಗಳಿಗಾಗಲಿ ಗಾಜಿನ ಕಟ್ಟಡಗಳಿಗಾಗಲಿ ಹೇಳಿಕೊಳ್ಳುವಂಥ ಇತಿಹಾಸವಿಲ್ಲ. ಆದರೆ ವಿಮಾನ ನಿಲ್ದಾಣದ ಆಚೆಗೆ, ಕೆಲವೇ ಮೈಲಿಗಳ ದೂರದಲ್ಲಿರುವ ದಮ್‌ದಮ್‌ನ ಹೆಸರು ಜಗತ್ತಿನ ನಿಘಂಟುಗಳಲ್ಲಿ ಸೇರಿಹೋಗಿದೆ. 1890ರ ದಶಕದಲ್ಲಿ ಅಲ್ಲಿಯ ಶಸ್ತ್ರಾಗಾರದಲ್ಲಿ ತಯಾರಾದ, ದೇಹವನ್ನು ಹೊಕ್ಕೊಡನೆ ಅರಳಿಕೊಳ್ಳುವ ಗುಂಡಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಇಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು 1899ರ ಹೇಗ್ ಸಮ್ಮೇಳನ ಘೋಷಿಸಿತು.

ಈ ನೆರೆಹೊರೆಯ ಚರಿತ್ರೆಯನ್ನು ಓದುತ್ತಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಯುದ್ಧಕ್ಕೆ ಸಂಬಂಧಿಸಿದ್ದಲ್ಲ, ವ್ಯವಹಾರಕ್ಕೆ ಸಂಬಂಧಿಸಿದ್ದು. ಮಾರುವವನ ಕೈಯಿಂದ ಕೊಳ್ಳುವವನ ಕೈಗೆ ಒಂದು ತೋಟಾ ನ್ಯಾಯವಾಗಿ ತಲುಪುವುದು ಹೇಗೆ? ಮೇಲುನೋಟಕ್ಕೆ ಇದು ನಿಯಮಪುಸ್ತಕದ ಸಂಗತಿ. ಒಳಹೊಕ್ಕು ನೋಡಿದರೆ, ಸರ್ಕಾರ ಯಾವ ಕಾಲದಲ್ಲಿ ಯಾರನ್ನು ನಂಬಿತು, ಯಾರನ್ನು ನಂಬಲಿಲ್ಲ ಎಂಬ ಕಥೆಯೇ ಅದರಲ್ಲಿ ಅಡಗಿದೆ. ಆ ಕಥೆ ದಮ್‌ದಮ್‌ನಲ್ಲಿ ಆರಂಭವಾಗಿ ನಮ್ಮ ಕೊಡಗನ್ನು ಮುಟ್ಟುತ್ತದೆ.

1857ರ ಜನವರಿಯಲ್ಲಿ ದಮ್‌ದಮ್‌ನ ಶಸ್ತ್ರಾಗಾರದ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯೊಬ್ಬನಲ್ಲಿ ಕುಡಿಯಲು ನೀರು ಕೇಳಿದ. ಜಾತಿಯ ಕಾರಣದಿಂದ ಸಿಪಾಯಿ ನಿರಾಕರಿಸಿದಾಗ, ಹಸು ಹಂದಿಗಳ ಕೊಬ್ಬು ಸವರಿದ ತೋಟಾಗಳನ್ನು ಕಚ್ಚಬೇಕಾಗಿ ಬಂದಾಗ ನಿನ್ನ ಜಾತಿ ಎಲ್ಲಿ ಉಳಿಯುತ್ತದೆ ಎಂದು ಖಲಾಸಿ ಹಂಗಿಸಿದನಂತೆ. ಆ ಮಾತು ಬ್ಯಾರಕ್‌ಪುರಕ್ಕೆ ಹರಡಿತು. ಮಾರ್ಚ್ 29ರಂದು ಮಂಗಲ್ ಪಾಂಡೆಯ ಪ್ರಕರಣ ನಡೆಯಿತು. ಮುಂದಿನದು ಎಲ್ಲರಿಗೂ ತಿಳಿದದ್ದೇ. ದಂಗೆ ಅಡಗಿದ ಮೇಲೆ ಸರ್ಕಾರ ಪ್ರಜೆಗಳ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಗಳನ್ನು ತಂದಿತು.

ಈ ನಿಶ್ಶಸ್ತ್ರೀಕರಣದ ನಡುವೆ ಒಂದು ಅಪವಾದ ಹುಟ್ಟಿತು. 1861ರ ಫೆಬ್ರುವರಿಯಲ್ಲಿ, ಮೈಸೂರು ಮತ್ತು ಕೊಡಗುಗಳ ಆಡಳಿತ ನೋಡಿಕೊಳ್ಳುತ್ತಿದ್ದ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶವೊಂದು ಕೊಡವರನ್ನು ಈ ಕಾಯಿದೆಯಿಂದ ಹೊರಗಿಟ್ಟಿತು. ಅವರ ನಿಷ್ಠೆಯನ್ನೂ ಬ್ರಿಟಿಷರಿಗೆ ಅವರು ಸಲ್ಲಿಸಿದ ಸೇವೆಯನ್ನೂ ಅದು ಕಾರಣವಾಗಿ ಹೇಳಿತು. ಕೋವಿಯನ್ನು ಕುಲದ ಗೌರವವೆಂದು ಕಾಣುವ ಜನಕ್ಕೆ ಅದು ತಮ್ಮದನ್ನು ತಮ್ಮ ಬಳಿಯೇ ಉಳಿಸಿಕೊಂಡ ಸಮಾಧಾನ. ಆಳುವವರ ಲೆಕ್ಕದಲ್ಲಿ ಅದು ನಿಷ್ಠೆಗೆ ಕೊಟ್ಟ ಬಹುಮಾನ. ಒಂದೇ ವಿನಾಯಿತಿಗೆ ಹೀಗೆ ಎರಡು ಅರ್ಥಗಳು ಮೊದಲ ದಿನದಿಂದಲೇ ಇದ್ದವು.

1878ರಲ್ಲಿ, ಲಿಟ್ಟನ್ ವೈಸರಾಯ್ ಆಗಿದ್ದಾಗ, ಶಸ್ತ್ರಾಸ್ತ್ರ ಕಾಯಿದೆ ಬಂತು. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ ಕಾಯಿದೆಯ ತಾರೀಖು ಮಾರ್ಚ್ 14. ಇದರದು ಮಾರ್ಚ್ 15. ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಲ್ಲಿ ಖಾಸಗಿ ಮಾರಾಟಗಾರನ ಕುರಿತು ಕುತೂಹಲಕರವಾದ ಮಾತೊಂದಿದೆ. ಅಂಗಡಿ ಇಟ್ಟು ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು. ಆದರೆ ಸ್ವಂತಕ್ಕೆಂದು ನ್ಯಾಯವಾಗಿ ಇಟ್ಟುಕೊಂಡ ಆಯುಧವನ್ನೋ ಮದ್ದುಗುಂಡನ್ನೋ ಒಬ್ಬನು ಮತ್ತೊಬ್ಬನಿಗೆ ಮಾರಬಹುದು. ಮಾರಿದ ಮೇಲೆ ವಿಳಂಬ ಮಾಡದೆ ಕೊಂಡವನ ಹೆಸರು ವಿಳಾಸಗಳನ್ನು ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ತಿಳಿಸಿದರೆ ಸಾಕು. ಕೊಂಡವನು ವಿನಾಯಿತಿ ಪಡೆದವನಾಗಿದ್ದರೆ ಅಷ್ಟೂ ಬೇಡ. ವಿನಾಯಿತಿ ಪಡೆದವರಲ್ಲಿ ಮುಖ್ಯರು ಐರೋಪ್ಯರೇ ಆಗಿದ್ದರು. ಈ ಭೇದದ ನೋವಿನಿಂದಲೇ 1887ರ ಮದ್ರಾಸ್ ಅಧಿವೇಶನದಲ್ಲಿ ಕಾಂಗ್ರೆಸ್ ಕಾಯಿದೆಯ ತಿದ್ದುಪಡಿಗೆ ಒತ್ತಾಯಿಸಿತು.

ಈ ವ್ಯವಸ್ಥೆಯ ಸಡಿಲ ಕೊಂಡಿ ಎಲ್ಲಿದೆಯೆಂಬುದು ಕಲ್ಕತ್ತದ ಬೀದಿಯಲ್ಲೇ ಬಯಲಾಯಿತು. ಆರ್. ಬಿ. ರೋಡಾ ಕಂಪನಿ ನಗರದ ಹೆಸರಾಂತ ಬಂದೂಕು ವ್ಯಾಪಾರಸಂಸ್ಥೆ. ಅದರ ಉಗ್ರಾಣ ವ್ಯಾನ್ಸಿಟಾರ್ಟ್ ರೋದಲ್ಲಿತ್ತು. 1914ರ ಆಗಸ್ಟ್ 26ರಂದು ಕಂಪನಿಯ ಗುಮಾಸ್ತ ಶ್ರೀಶಚಂದ್ರ ಮಿತ್ರ ಕಸ್ಟಮ್ಸ್ ಕಚೇರಿಯಿಂದ 202 ಪೆಟ್ಟಿಗೆಗಳನ್ನು ಬಿಡಿಸಿಕೊಂಡ. ಸರಕು ಬಿಡಿಸಿ ತರುವುದು ಅವನ ನಿತ್ಯದ ಕೆಲಸ. ಎತ್ತಿನ ಗಾಡಿಗಳಲ್ಲಿ ಉಗ್ರಾಣ ತಲುಪಿದ್ದು 192 ಪೆಟ್ಟಿಗೆ. ಉಳಿದವನ್ನು ತರುತ್ತೇನೆಂದು ಹೋದ ಗುಮಾಸ್ತ ಹಿಂತಿರುಗಲಿಲ್ಲ. ಕ್ರಾಂತಿಕಾರಿಗಳ ಗುಂಪಿಗೆ ಸೇರಿದವನು ಅವನು. ಆ ಹತ್ತು ಪೆಟ್ಟಿಗೆಗಳು ಮಲಂಗಾ ಲೇನಿನ ಕಡೆಗೆ ತಿರುಗಿದ್ದವು. ಕಂಪನಿ ಪೊಲೀಸರಿಗೆ ದೂರು ಕೊಟ್ಟದ್ದು ಮೂರು ದಿನಗಳ ಬಳಿಕ.

ಆ ಪೆಟ್ಟಿಗೆಗಳಲ್ಲಿ 50 ಮೌಸರ್ ಪಿಸ್ತೂಲುಗಳೂ 46,000 ಗುಂಡುಗಳೂ ಇದ್ದವು. ಅಂದರೆ ಒಂದೊಂದು ಪಿಸ್ತೂಲಿಗೆ 900ಕ್ಕೂ ಹೆಚ್ಚು ಗುಂಡು. ನಾಡಪಿಸ್ತೂಲನ್ನು ಹೇಗೋ ಮಾಡಿಕೊಳ್ಳಬಹುದು. ಒಳ್ಳೆಯ ಗುಂಡನ್ನು ಗುಪ್ತವಾಗಿ ತಯಾರಿಸುವುದು ಕಷ್ಟ. ಗುಂಡಿಲ್ಲದ ಪಿಸ್ತೂಲು ಬರಿಯ ಕಬ್ಬಿಣ. 44 ಪಿಸ್ತೂಲುಗಳು ಕೂಡಲೇ ಒಂಬತ್ತು ಗುಂಪುಗಳಿಗೆ ಹಂಚಿಹೋದವೆಂದೂ 54 ಪ್ರಕರಣಗಳಲ್ಲಿ ಬಳಕೆಯಾದವೆಂದೂ 1918ರ ರೌಲತ್ ಸಮಿತಿ ಲೆಕ್ಕ ಕೊಟ್ಟಿತು. 1915ರ ಸೆಪ್ಟೆಂಬರ್ 9ರಂದು ಬಾಲೇಶ್ವರದ ಬಳಿ ಬಾಘಾ ಜತೀನ್ ಮತ್ತು ನಾಲ್ವರು ಸಂಗಡಿಗರು ಪೊಲೀಸ್ ಪಡೆಯನ್ನು ಎದುರಿಸಿದ್ದೂ ಮೌಸರ್‌ಗಳನ್ನು ಹಿಡಿದೇ. ಅದೇ ರೌಲತ್ ವರದಿಯ ಆಧಾರದ ಮೇಲೆ 1919ರಲ್ಲಿ ಕರಾಳ ಕಾಯಿದೆ ಬಂತು. ಅದನ್ನು ವಿರೋಧಿಸಿದ ಚಳವಳಿಯ ನಡುವೆ ಜಲಿಯನ್‌ವಾಲಾ ಬಾಗ್ ನಡೆಯಿತು.

ಕಡತಗಳ ನಡುವೆಯೇ ಬದುಕು ಸವೆಸುತ್ತಿರುವ ನನ್ನಂಥ ಸರ್ಕಾರಿ ನೌಕರನಿಗೆ ಈ ಪ್ರಸಂಗದಲ್ಲಿ ಎದ್ದು ಕಾಣುವುದು ಬೇರೆಯೇ ಸಂಗತಿ. ಅಂದಿನ ಕಾಗದಪತ್ರಗಳಲ್ಲಿ ಒಂದು ಲೋಪವೂ ಇರಲಿಲ್ಲ. ಆಮದು ಮಾಡಿಕೊಂಡವನಿಗೆ ಹಕ್ಕಿತ್ತು, ಸುಂಕದವರು ಸರಕನ್ನು ಬಿಟ್ಟಿದ್ದರು, ಪಡೆದುಕೊಂಡವನು ಅದಕ್ಕೆಂದೇ ನೇಮಕಗೊಂಡ ಗುಮಾಸ್ತ. ಕಚೇರಿಗೂ ಉಗ್ರಾಣಕ್ಕೂ ನಡುವಿನ ಅಷ್ಟು ದಾರಿಯನ್ನು ಮಾತ್ರ ಯಾವ ರಿಜಿಸ್ಟರೂ ಕಾಯುತ್ತಿರಲಿಲ್ಲ. ಅಲ್ಲಿ ಕಾಯುತ್ತಿದ್ದುದು ಒಬ್ಬ ಮನುಷ್ಯನ ನಿಷ್ಠೆ. ಅದು ಕಂಪನಿಯ ಕಡೆಗಿರಲಿಲ್ಲ, ದೇಶದ ಕಡೆಗಿತ್ತು.

ಸ್ವಾತಂತ್ರ್ಯಾನಂತರ 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯಿದೆ ಬಂತು. ಅದರಲ್ಲಿಯೂ ಖಾಸಗಿ ಮಾರಾಟ 5ನೆಯ ಕಲಮಿನಲ್ಲೇ ಇದೆ. ಆದರೆ ಕ್ರಮ ತಲೆಕೆಳಗಾಗಿದೆ. ಇಂದು ಸ್ವಂತದ ಕೋವಿಯನ್ನೋ ಮದ್ದುಗುಂಡನ್ನೋ ಮಾರಬೇಕೆನ್ನುವವನು ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಲಿಖಿತವಾಗಿ ತಿಳಿಸಬೇಕು, ಕೊಳ್ಳುವವನ ಹೆಸರು ವಿಳಾಸ ಕೊಡಬೇಕು, ಆಮೇಲೆ ಕಡಿಮೆಯೆಂದರೂ 45 ದಿನ ಕಾಯಬೇಕು. ಕೊಳ್ಳುವವನಿಗೂ ಅದನ್ನು ಇಟ್ಟುಕೊಳ್ಳುವ ಹಕ್ಕಿರಬೇಕು. ಅಂಚೆಯಲ್ಲಿ ಸ್ಫೋಟಕ ಕಳಿಸುವಂತಿಲ್ಲ. ಸಾಗಣೆಯನ್ನೇ ಪ್ರತ್ಯೇಕವಾಗಿ ನಿರ್ಬಂಧಿಸುವ ಅಧಿಕಾರ 12ನೆಯ ಕಲಮಿನಲ್ಲಿದೆ. 1878ರಲ್ಲಿ ಮಾರಿ ತಿಳಿಸಿದರೆ ಸಾಕಿತ್ತು. ಈಗ ತಿಳಿಸಿ, ಕಾದು, ಮಾರಬೇಕು.

ಆದರೆ ಹಳೆಯ ನಂಬಿಕೆಯ ಒಂದು ಎಳೆ ಕೊಡಗಿನಲ್ಲಿ ಇನ್ನೂ ಉಳಿದಿದೆ. 1963ರ ಅಧಿಸೂಚನೆ ಕೊಡವರನ್ನೂ ಜಮ್ಮಾ ಹಿಡುವಳಿದಾರರನ್ನೂ ಪರವಾನಗಿಯಿಂದ ಹೊರಗಿಟ್ಟಿತು. ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಅವರು ಹೊಂದಿರಬಹುದಾದದ್ದು ಒಂದು ರೈಫಲ್ ಮತ್ತು 100 ಗುಂಡು, ಒಂದು ಬಂದೂಕು ಮತ್ತು 500 ತೋಟಾ. ಹೊರನಾಡಿನಲ್ಲಿರುವ ನಮಗೆ ಇದರಲ್ಲೊಂದು ವಿಶೇಷ ಕಾಣದಿರದು: ಈ ಹಕ್ಕು ನೆಲದಲ್ಲಿ ಹುಟ್ಟಿದರೂ ಮನುಷ್ಯನ ಜೊತೆ ಊರು ಬಿಟ್ಟು ನಡೆಯಬಲ್ಲದು. 2019ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಜಾತಿ, ಭೂಹಿಡುವಳಿಗಳ ಆಧಾರದ ಈ ಭೇದ ಸಮಾನತೆಗೆ ವಿರುದ್ಧವೆಂಬ ವಾದವನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ಒಪ್ಪಲಿಲ್ಲ.

ಆ ಪ್ರಶ್ನೆ ಹಗುರವಾದುದೇನಲ್ಲ. ಹುಟ್ಟಿನ ಆಧಾರದ ಮೇಲೆ ಒಬ್ಬನನ್ನು ನಂಬುವುದು ಗಣರಾಜ್ಯಕ್ಕೆ ತಕ್ಕದ್ದೇ ಎಂದು ಕೇಳುವವರ ಮಾತಿನಲ್ಲಿ ತಿರುಳಿದೆ. ಇತ್ತ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಡುವ, ಪುತ್ತರಿಯಲ್ಲಿ ಗುಂಡು ಹಾರಿಸಿ ಕದಿರು ತೆಗೆಯುವ, ಸಾವಿನ ಸುದ್ದಿಯನ್ನೂ ಕೋವಿಯಿಂದಲೇ ಸಾರುವ ಮನೆಗಳಿಗೆ ಕಬ್ಬನ್ನನ ಹೊಗಳಿಕೆ ಬೇಕಾಗಿಲ್ಲ. ಆ ಆಚಾರ ಅವನಿಗಿಂತ ಹಳೆಯದು. ವಿನಾಯಿತಿಗೆ ಇಂದು ಸಮರ್ಥನೆ ಬೇಕಿದ್ದರೆ ಅದನ್ನು ಈ ಆಚಾರದಲ್ಲಿ, ಅದನ್ನು ಹೊಣೆಯರಿತು ನಡೆಸಿಕೊಂಡು ಬಂದ ರೀತಿಯಲ್ಲಿ ಹುಡುಕಬೇಕೇ ಹೊರತು 1861ರ ನಿಷ್ಠೆಯ ಪ್ರಮಾಣಪತ್ರದಲ್ಲಿ ಅಲ್ಲ. ಕಂಪನಿಗೆ ನಿಷ್ಠನೆನಿಸಿಕೊಂಡ ಗುಮಾಸ್ತನೊಬ್ಬ ವ್ಯಾನ್ಸಿಟಾರ್ಟ್ ರೋದ ದಾರಿಯಲ್ಲಿ ಆ ಬಗೆಯ ಪ್ರಮಾಣಪತ್ರದ ಬೆಲೆಯೆಷ್ಟೆಂಬುದನ್ನು ತೋರಿಸಿಕೊಟ್ಟಿದ್ದಾನೆ. 2029ರಲ್ಲಿ ಈ ಕಡತ ಮತ್ತೆ ತೆರೆದಾಗ, ಅದನ್ನು ಓದುವವರ ಮುಂದೆ ಈ ಎರಡೂ ಇರಲಿ.