ಸಾರಂಗನ ಏಳ್ಗೆ

ಪಾರಸಿಯ ‘ಲಷ್ಕರ್’ ಶಬ್ದವು ಕನ್ನಡದಲ್ಲಿ ದಂಡಿಗೆ ಸಲ್ಲುತ್ತದೆ; ಐರೋಪ್ಯರ ಹಡಗುಗಳಲ್ಲಿ ಅದೇ ಶಬ್ದವು ‘ಲಸ್ಕರ್’ ಎಂದಾಗಿ ಏಷ್ಯದ ನಾವಿಕನಿಗೆ ಹೆಸರಾಯಿತು. ಲಸ್ಕರರ ಮುಖಂಡನು ಸಾರಂಗ. ಅವನ ಕೈಕೆಳಗಿನವನು ತಾಂಡೇಲ. ಈ ಎರಡನೆಯ ಹೆಸರು ನಮ್ಮ ಕರಾವಳಿಯ ಮೀನುಗಾರರಲ್ಲಿ ಇಂದಿಗೂ ಬಳಕೆಯಲ್ಲಿದೆ.

ಈ ಅನುಕ್ರಮವು ಪ್ರಾಚೀನವಾದುದಲ್ಲ. ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಹಡಗಿನವರ 12 ವರ್ಗಗಳನ್ನು ಎಣಿಸುವಾಗ, ಖಲಾಸಿಗಳ ಮುಖ್ಯನಾದ ತಾಂಡೇಲನನ್ನು ಮೂರನೆಯವನಾಗಿಯೂ ಸಾರಂಗನನ್ನು ಐದನೆಯವನಾಗಿಯೂ ಹೇಳಿರುವನು. ಹಾಗಾದರೆ ಕೆಳಗಿದ್ದವನು ಮೇಲೇರಿದುದೆಂತು?

ನೌಕರಿ ಕೊಡಿಸುವ ಅಧಿಕಾರವು ಸಾರಂಗನ ಕೈಸೇರಿದುದೇ ಇದಕ್ಕೆ ಮುಖ್ಯ ಕಾರಣವೆಂದು ಊಹಿಸಬಹುದು. ಆಂಗ್ಲ ಕಪ್ತಾನನಿಗೆ ನಾವಿಕರ ಭಾಷೆ ತಿಳಿಯದು. ಆದುದರಿಂದ ರೇವಿನ ದಲ್ಲಾಳಿಯಾದ ‘ಘಾಟ್ ಸಾರಂಗ’ನ ಮೂಲಕ ಹಡಗಿನ ಸಾರಂಗನು ಗೊತ್ತಾಗುತ್ತಿದ್ದನು, ಅವನು ತನ್ನ ಊರಿನವರನ್ನೂ ನಂಟರನ್ನೂ ಕೂಡಿಸಿ ತರುತ್ತಿದ್ದನು. ಪರಸ್ಥಳದಲ್ಲಿ ಊರಿನವನ ಆಸರೆ ದೊರೆತುದು ನಿಜವೇ. ಆದರೆ ಅದಕ್ಕೆ ಬೆಲೆಯಿತ್ತು. ಹಡಗು ಹತ್ತುವ ಮುನ್ನ ಲಂಚ, ಇಳಿದ ಮೇಲೆ ಮರಳಿ ಕೆಲಸ ಸಿಕ್ಕುವವರೆಗೆ ವಸತಿಗೃಹದ ಸಾಲ: ಹೀಗೆ ನಾವಿಕನ ಸಂಬಳದ ಒಂದು ಭಾಗವು ಗಳಿಸುವ ಮೊದಲೇ ಪರರ ಪಾಲಾಗುತ್ತಿದ್ದಿತು.

1920ರಲ್ಲಿ ಜಿನೋವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ನಾವಿಕರಿಗೆ ಕೆಲಸ ಕೊಡಿಸಿ ಲಾಭ ಪಡೆಯುವುದನ್ನು ನಿಷೇಧಿಸುವ ಒಪ್ಪಂದವನ್ನು ಅಂಗೀಕರಿಸಿತು. 1922ರಲ್ಲಿ ಹಿಂದೂಸ್ಥಾನದಲ್ಲಿಯೂ ಈ ವಿಷಯದ ವಿಚಾರಣೆ ನಡೆಯಿತು. ಆದರೂ ಲಂಚವು ನಿಲ್ಲಲಿಲ್ಲವೆಂಬುದು 1931ರ ಕಾರ್ಮಿಕ ಆಯೋಗದ ವರದಿಯಿಂದ ವಿದಿತವಾಗುತ್ತದೆ. ಹಡಗನ್ನು ನಡೆಯಿಸುವ ವಿದ್ಯೆಗಿಂತಲೂ ಹಡಗಿಗೆ ಜನವನ್ನು ಹತ್ತಿಸುವ ಅಧಿಕಾರವೇ ಮಿಗಿಲೆನಿಸಿದ ಕಾಲವನ್ನು ಈ ಎರಡು ಶಬ್ದಗಳ ಸ್ಥಾನಪಲ್ಲಟವು ಸೂಚಿಸುತ್ತದೆ.