ಆಧಾರ್ ಪ್ರತಿ ಯಾರಿಗೂ ಕೊಡಬಾರದೇ? ನಂಬರೇ ಇಲ್ಲದ ಆಧಾರ್ ಫೈಲ್ ಬಗ್ಗೆ ತಿಳಿಯಿರಿ

ಆಧಾರ್ ಝೆರಾಕ್ಸ್ ಯಾರಿಗೂ ಕೊಡಬೇಡಿ, ಇದು ಸರ್ಕಾರದ ಎಚ್ಚರಿಕೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಆದರೆ ದೇವಿಕೊಪ್ಪದವರು ಕಲಘಟಗಿಯಲ್ಲಿ ಸಿಮ್ ಕೊಳ್ಳಲು ಹೋದರೂ, ಮಕ್ಕಳ ಓದಿಗೆಂದು ಧಾರವಾಡದಲ್ಲಿ ಬಾಡಿಗೆ ಕೋಣೆ ಹುಡುಕಿದರೂ ಆಧಾರ್ ಕೇಳುತ್ತಾರೆ. ಹಾಗಾದರೆ ಏನು ಮಾಡಬೇಕು?

ಸಂದೇಶ ನಿಜವೇ?

ಅರ್ಧ ನಿಜ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಇಂಥ ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ತಿಳಿಯಬಹುದು ಎಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ಮೇ 29ರಂದೇ ಅದನ್ನು ಹಿಂಪಡೆಯಿತು. ಆಧಾರ್ ಹಂಚಿಕೊಳ್ಳುವಾಗ ಸಾಮಾನ್ಯ ಎಚ್ಚರಿಕೆ ವಹಿಸಿ ಎಂದಷ್ಟೇ ಹೇಳಿತು.

ಬೇಕಾದಷ್ಟೇ ವಿವರ ಕೊಡುವುದು ಹೇಗೆ?

ಮೊದಲ ದಾರಿ ಮಾಸ್ಕ್ಡ್ ಆಧಾರ್. ಇದರಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಮನೆ ಮಾಲೀಕರಿಗೆ, ಲಾಡ್ಜ್‌ಗೆ ಗುರುತು ತೋರಿಸಲು ಇದು ಸಾಕು.

ಎರಡನೆಯದು ಆಫ್‌ಲೈನ್ ಇ-ಕೆವೈಸಿ. ಕಂಪ್ಯೂಟರ್‌ನಲ್ಲಿ ಪರಿಶೀಲಿಸುವ ಸಂಸ್ಥೆಗಳಿಗೆ ಇದು ಅನುಕೂಲ. ಇದೊಂದು ಎಕ್ಸ್‌ಎಂಎಲ್ ಫೈಲ್. ಅಂದರೆ ಹೆಸರು, ವಿಳಾಸ, ಹುಟ್ಟಿದ ದಿನಾಂಕ ಹೀಗೆ ಪ್ರತಿ ವಿವರಕ್ಕೂ ಚೀಟಿ ಅಂಟಿಸಿ ಬರೆದ ಪಟ್ಟಿ. ಪ್ರಾಧಿಕಾರದ ಬಳಿ ನಿಮ್ಮ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಎಲ್ಲವೂ ಇವೆ. ಆದರೆ ಈ ಪಟ್ಟಿ ತಯಾರಾಗುವಾಗ ಅವು ಅದರಲ್ಲಿ ಸೇರುವುದಿಲ್ಲ. ಪೂರ್ತಿ ಆಧಾರ್ ಸಂಖ್ಯೆಯೂ ಸೇರುವುದಿಲ್ಲ, ಕೊನೆಯ 4 ಅಂಕಿ ಮಾತ್ರ ಇರುತ್ತವೆ. ಮೊಬೈಲ್ ನಂಬರ್ ಇದ್ದಂತೆ ಬರುವುದಿಲ್ಲ, ಗುಪ್ತ ಅಕ್ಷರಗಳ ಸಾಲಾಗಿ ಬರುತ್ತದೆ.

ಝೆರಾಕ್ಸ್ ಮೇಲೆ ನಂಬರಿಗೆ ಪೆನ್ನಿನಿಂದ ಗೀಚಿದರೂ ಮೂಲ ಫೋಟೊ ಎಲ್ಲೋ ಉಳಿದಿರಬಹುದು. ಇಲ್ಲಿ ಬರೆಯದೇ ಇರುವ ವಿವರ ಸೋರುವ ಮಾತೇ ಇಲ್ಲ. ಫೈಲ್ ಮೇಲೆ ಪ್ರಾಧಿಕಾರದ ಡಿಜಿಟಲ್ ಸಹಿಯೂ ಇದೆ. ಯಾರಾದರೂ ಒಂದು ಅಕ್ಷರ ತಿದ್ದಿದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ.

ಪಡೆಯುವುದು ಎಲ್ಲಿ?

ಎರಡೂ ಮೈಆಧಾರ್ ಜಾಲತಾಣದಲ್ಲಿ ಉಚಿತ. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓಟಿಪಿ ಬರಬೇಕು. ಎಕ್ಸ್‌ಎಂಎಲ್ ಫೈಲ್ ಜಿಪ್ ರೂಪದಲ್ಲಿ ಇಳಿಯುತ್ತದೆ. ಅದನ್ನು ತೆರೆಯುವ ನಾಲ್ಕು ಅಕ್ಷರದ ಶೇರ್ ಕೋಡ್ ನೀವೇ ಇಡಬೇಕು.

ಇವು ನೆನಪಿರಲಿ

• ಫೈಲ್‌ನಲ್ಲಿ ನಿಮ್ಮ ಹೆಸರು, ವಿಳಾಸ, ಫೋಟೊ ಇರುತ್ತವೆ. ಗುಂಪುಗಳಲ್ಲಿ ಹಾಕಬೇಡಿ.
• ಫೈಲ್ ಮತ್ತು ಶೇರ್ ಕೋಡ್ ಅನ್ನು ಒಂದೇ ಸಂದೇಶದಲ್ಲಿ ಕಳಿಸಬೇಡಿ.
• ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿ.
• ಸರ್ಕಾರದ ಸಹಾಯಧನಕ್ಕೆ ಪೂರ್ಣ ಸಂಖ್ಯೆ ಬೇಕಾಗಬಹುದು. ಅಲ್ಲಿ ಸಂಬಂಧಪಟ್ಟ ಕಚೇರಿಗೇ ಕೊಡಿ.

ನಮ್ಮ ತೀರ್ಮಾನ: ಆಧಾರ್ ಕೊಡಲೇಬಾರದು ಎಂಬುದು ತಪ್ಪು. ಯಾವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕೊಡಿ. ಆ ಹಳೆಯ ಸಂದೇಶ ಮತ್ತೆ ಬಂದರೆ ಇದನ್ನು ಕಳಿಸಿ.